ಎಣಿಕೆಗೆ ಸಿಗದ ಕೂಲಿಗಳು

ನಾಜಿಗಳ ಬಿಟ್ಟಿದುಡಿಮೆಗೆ ಸಿಕ್ಕಿ ಕಣ್ಮರೆಯಾದ ಅಜ್ಜನನ್ನು ಅರಸುವ ಪೋಲೆಂಡಿನ ಮೊಮ್ಮಗಳಿಗೆ ಜರ್ಮನಿಯ ಬಾಡ್ ಆರೋಲ್ಸೆನ್ ಪತ್ರಾಗಾರವಿದೆ. ಅಲ್ಲಿ ಸುಮಾರು 1.75 ಕೋಟಿ ಜನರ ಸುಳಿವುಗಳಿವೆ. ಒಂದು ಕೆಲಸದ ಚೀಟಿ, ಒಂದು ವಿಮಾ ದಾಖಲೆ ಸಿಕ್ಕರೂ ಮನೆತನದ ಮೌನ ಮುರಿದೀತು.

ಸಯಾಮ್–ಬರ್ಮಾ ರೈಲುಮಾರ್ಗಕ್ಕೆ ದುಡಿದ ತಮಿಳರ ವಂಶಸ್ಥರಿಗೆ ಆ ಭಾಗ್ಯವಿಲ್ಲ. 1942-43ರಲ್ಲಿ 415 ಕಿ.ಮೀ. ಹಳಿ ಹಾಸಲು ಜಪಾನೀ ಸೇನೆ ಮಲಯದ ರಬ್ಬರ್ ತೋಟಗಳಿಂದ ಅವರನ್ನು ಕೂಲಿಯ ಆಸೆ ತೋರಿಸಿಯೂ ಬಲವಂತದಿಂದಲೂ ಸಾಗಿಸಿತು. ಕಾಲರಾ, ಮಲೇರಿಯಾ, ಹಸಿವಿಗೆ ಬಲಿಯಾದ ಏಷ್ಯಾದ ಕೂಲಿಗಳು ಸುಮಾರು 90 ಸಾವಿರ ಎಂಬುದು ಬರೀ ಅಂದಾಜು. ಅಲ್ಲಿಯೇ ಸತ್ತ ಮಿತ್ರಪಕ್ಷಗಳ 12 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳಲ್ಲಿ ಬಹುಪಾಲು ಜನರ ಹೆಸರು ಸಮಾಧಿಗಲ್ಲುಗಳ ಮೇಲಿದೆ.

ಇದನ್ನು ಕೇವಲ ದಾಖಲೆಗಳ ಕೊರತೆಯೆಂದು ನಾನು ಒಪ್ಪಲಾರೆ. ಸೈನಿಕನ ಲೆಕ್ಕವಿಟ್ಟವರಿಗೆ ಕೂಲಿಯ ಲೆಕ್ಕ ಬೇಕೆನಿಸಲಿಲ್ಲ. ತೋಟಗಳಲ್ಲಿ ಉಳಿದಿರಬಹುದಾದ ಹಾಜರಿ ಪುಸ್ತಕಗಳನ್ನೂ ಮನೆಮನೆಯ ನೆನಪುಗಳನ್ನೂ ಭಾರತ, ಮಲೇಷ್ಯಾ, ಜಪಾನ್ ಸರ್ಕಾರಗಳು ಒಟ್ಟಾಗಿ ಸಂಗ್ರಹಿಸಬೇಕು. ಕಣ್ಣಾರೆ ಕಂಡವರಲ್ಲಿ ಬದುಕುಳಿದವರು ಇಂದು ವಿರಳ. ತಿಥಿ ಮಾಡಲು ಸತ್ತ ದಿನವೂ ತಿಳಿಯದ ಕುಟುಂಬಗಳಿಗೆ ಪರಿಹಾರಕ್ಕಿಂತ ಮೊದಲು ಸಲ್ಲಬೇಕಾದದ್ದು ಒಂದು ಹೆಸರು, ಒಂದು ಊರು, ಒಂದು ತಾರೀಖು.