ನೇಕಾರನ ಮಗ್ಗವೂ ನಮ್ಮ ಕೀಲಿಮಣೆಯೂ

ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದವನು ನಾನು. ಮಗ್ಗಕ್ಕೆ ಕೂರುವ ಮುನ್ನ ನೇಕಾರನು ಅದನ್ನು ತನ್ನ ಕಾಲಿನ ಉದ್ದಕ್ಕೆ, ಕೈಯ ಅಳತೆಗೆ ಹೊಂದಿಸಿಕೊಳ್ಳುವುದನ್ನು ಕಂಡಿದ್ದೇನೆ. ಒಬ್ಬನ ಮಗ್ಗದಲ್ಲಿ ಮತ್ತೊಬ್ಬ ಕುಳಿತರೆ ಲಾಳಿಯ ಓಟವೇ ತಪ್ಪುತ್ತದೆ. ಗದಗಿನಲ್ಲಿ ಪ್ರೋಗ್ರಾಮಿಂಗ್ ಕಲಿಸುವಾಗ ನನಗೆ ಈ ಮಾತು ಮತ್ತೆ ಮತ್ತೆ ನೆನಪಾಗುತ್ತದೆ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳಿಂದ ಬರುವ ಮಕ್ಕಳಿಗೆ ಕಂಪ್ಯೂಟರ್ ಕೊಡುವ ನಾವು ಮೊದಲು ಹೇಳುವುದೇ ‘ಸೆಟ್ಟಿಂಗ್ ಮುಟ್ಟಬೇಡಿ’ ಎಂದು.

ಪ್ರೋಗ್ರಾಂ ಬರೆಯುವ ಸಾಧನವೇ ಟೆಕ್ಸ್ಟ್ ಎಡಿಟರ್. 1976ರಲ್ಲಿ ಬಿಲ್ ಜಾಯ್ ‘ವಿಐ’ ಎಂಬ ಎಡಿಟರ್ ರೂಪಿಸಿದರು. ಅದೇ ಜಾಡಿನಲ್ಲಿ ನೆದರ್‌ಲೆಂಡ್ಸ್‌ನ ಬ್ರಾಮ್ ಮೂಲೆನಾರ್ 1991ರಲ್ಲಿ ‘ವಿಮ್’ ಹೊರತಂದರು. ಇದಕ್ಕೆ ಮೌಸ್ ಬೇಕಿಲ್ಲ. ಬರೆಯುವ ಸ್ಥಿತಿ ಒಂದು, ಆಜ್ಞೆ ಕೊಡುವ ಸ್ಥಿತಿ ಇನ್ನೊಂದು. ಆಜ್ಞೆಯ ಸ್ಥಿತಿಯಲ್ಲಿ ಎಚ್, ಜೆ, ಕೆ, ಎಲ್ ಕೀಲಿಗಳೇ ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಒಯ್ಯುತ್ತವೆ. ಜಾಯ್ ಬಳಸುತ್ತಿದ್ದ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳಿದ್ದದ್ದು ಈ ನಾಲ್ಕು ಕೀಲಿಗಳ ಮೇಲೆಯೇ.

ಕನ್ನಡಿಗನಿಗೆ ತೊಡಕು ಎದುರಾಗುವುದು ಇಲ್ಲಿಯೇ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ‘ನುಡಿ’ಯಿಂದ ನಮಗೆಲ್ಲ ಪರಿಚಿತವಾದ ಕೀಲಿಮಣೆಯಲ್ಲಿ ಅವೇ ಕೀಲಿಗಳು ಹ, ಜ, ಕ, ಲ ಮೂಡಿಸುತ್ತವೆ. ಮುಂಡರಗಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಬಂದು, ‘ಸರ್, ಕನ್ನಡ ಹಾಕಿದ್ರ ಇದು ಮಾತ ಕೇಳಂಗಿಲ್ರಿ’ ಎಂದಳು. ತನ್ನ ಪ್ರೋಗ್ರಾಮಿನ ವಿವರಣೆಗಳನ್ನು ಕನ್ನಡದಲ್ಲಿ ಬರೆಯಬೇಕೆಂಬುದು ಅವಳ ಆಸೆ. ಪರಿಹಾರ ವಿಮ್‌ನಲ್ಲೇ ಇದೆ. ಒಂದು ಕಡೆ ಕೀಲಿ, ಎದುರಿಗೆ ಅದರ ಅಕ್ಷರ. ಇಂಥ ಪಟ್ಟಿಯೊಂದನ್ನು ಬರೆದಿಟ್ಟರೆ ಬರೆಯುವಾಗ ಮಾತ್ರ ಕನ್ನಡ, ಆಜ್ಞೆಗಳು ಯಥಾಪ್ರಕಾರ. ಇಡೀ ಸಂಜೆ ಕುಳಿತು ಅವಳು ಆ ಪಟ್ಟಿ ಬರೆದಳು. ಮರುದಿನ ಬೆಳಿಗ್ಗೆ ಅದು ಇರಲಿಲ್ಲ. ಯಂತ್ರ ಮತ್ತೆ ಚಾಲೂ ಆದಾಗ ಎಲ್ಲವನ್ನೂ ಅಳಿಸಿಹಾಕುವುದು ಆ ಪ್ರಯೋಗಾಲಯದ ನಿಯಮ.

ಸೆಟ್ಟಿಂಗ್ ತಿದ್ದುವುದರಲ್ಲೇ ದಿನ ಕಳೆಯುವವರಿದ್ದಾರೆ, ನಿಜ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ಅವರಿಗೆ ಸಲ್ಲುತ್ತದೆ. ಈಗ ಯಂತ್ರವೇ ಅರ್ಧ ಪ್ರೋಗ್ರಾಂ ಬರೆದುಕೊಡುವಾಗ ಈ ಹಟವೇಕೆ ಎಂದು ಕೇಳುವವರೂ ಇದ್ದಾರೆ. ಆದರೆ ತನ್ನ ಸಾಧನದ ಒಂದೇ ಒಂದು ಸಾಲನ್ನು ಬದಲಿಸಿದವನಿಗೆ ತಿಳಿಯುವ ಸತ್ಯ ದೊಡ್ಡದು: ಯಂತ್ರದ ನಡವಳಿಕೆ ವಿಧಿಲಿಖಿತವಲ್ಲ, ಅದು ಯಾರೋ ಕೈಗೊಂಡ ತೀರ್ಮಾನ, ಅದನ್ನು ತಿದ್ದಲು ಬರುತ್ತದೆ. ಪ್ರೋಗ್ರಾಮಿಂಗ್‌ನ ಮೊದಲ ಪಾಠ ಇದಲ್ಲದೆ ಮತ್ತೇನು?

ನಮ್ಮ ಕಾಲೇಜುಗಳು ಮಾಡಬೇಕಾದದ್ದು ಹೆಚ್ಚೇನಿಲ್ಲ. ಪ್ರತಿ ವಿದ್ಯಾರ್ಥಿಗೂ ಅಳಿಸಿಹೋಗದ ಒಂದು ಪುಟ್ಟ ಕಡತದ ಜಾಗ ಮತ್ತು ಅದನ್ನು ಬಳಸಲು ಕಲಿಸುವ ಒಂದು ತರಗತಿ ಸಾಕು. ವಿಮ್‌ಗೆ ಹಣ ತೆರಬೇಕಿಲ್ಲ. 2023ರಲ್ಲಿ ತೀರಿಕೊಂಡ ಮೂಲೆನಾರ್ ಬಳಕೆದಾರರಲ್ಲಿ ಕೋರಿದ್ದು ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿರೆಂದು ಮಾತ್ರ.

ಆ ಹುಡುಗಿ ಈಗ ತನ್ನ ಪಟ್ಟಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಓಡಾಡುತ್ತಾಳೆ. ಮಗ್ಗವನ್ನು ದಿನವೂ ಬಿಚ್ಚಿ ಜೋಡಿಸುವ ನೇಕಾರನನ್ನು ಮಾತ್ರ ನಾನು ಬೆಟಗೇರಿಯಲ್ಲಿ ಕಂಡಿಲ್ಲ.