ಮಳೆಗಾಲ ಮುಗಿದರೂ ಕಡಲ ಸೆಳೆತ ಮುಗಿಯುವುದಿಲ್ಲ

ಪೆರ್ನಾಲ್ ದಿನ ಮಧ್ಯಾಹ್ನದ ಊಟ ಮುಗಿದರೆ ಸಾಕು, ನಮ್ಮ ಕಡೆ ಅರ್ಧ ಊರು ಕಡಲ ಕಿನಾರೆಯಲ್ಲಿರುತ್ತದೆ. ಪಣಂಬೂರು, ತಣ್ಣೀರುಬಾವಿ, ಸುರತ್ಕಲ್, ಸೋಮೇಶ್ವರ, ಎಲ್ಲಿ ನೋಡಿದರೂ ನಮ್ಮವರೇ. ಉಳ್ಳಾಲ ದರ್ಗಾಕ್ಕೆ ಘಟ್ಟದ ಮೇಲಿನಿಂದ ಬಂದ ನೆಂಟರನ್ನೂ ಸಮುದ್ರ ತೋರಿಸದೆ ಕಳುಹಿಸುವ ಕ್ರಮವಿಲ್ಲ. ಮಳೆಗಾಲದಲ್ಲಿ ನೀರಿಗೆ ಇಳಿಯಬೇಡಿ ಎಂದು ಜಿಲ್ಲಾಡಳಿತ ಹೇಳುತ್ತದೆ, ಹೋಂ ಗಾರ್ಡ್‌ಗಳು ವಿಸಿಲ್ ಊದುತ್ತಾರೆ. ಮಳೆ ನಿಂತ ಮೇಲೆ ಕಡಲು ತಣ್ಣಗಾಯಿತು ಎಂದು ನಾವೇ ತೀರ್ಮಾನ ಮಾಡಿಬಿಡುತ್ತೇವೆ.

ಮುರ್ಡೇಶ್ವರದ ಘಟನೆ ನೆನಪಿದೆಯಲ್ಲ? 2024ರ ಡಿಸೆಂಬರ್ 10. ಮುಳಬಾಗಿಲು ಕಡೆಯ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಅದು ಮಳೆಗಾಲವಲ್ಲ. ಶಿಕ್ಷಕರ ಮೇಲೆ ಕೇಸಾಯಿತು, ಬೀಚ್ ಮುಚ್ಚಲಾಯಿತು. ಕೇಸು ಆಗಬೇಕಾದದ್ದೇ. ಆದರೆ ಆ ಮಕ್ಕಳನ್ನು ಎಳೆದೊಯ್ಯುವಂಥ ನೀರು ನಮ್ಮ ಕಿನಾರೆಯಲ್ಲೂ ಇದೆ, ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ.

ದಡಕ್ಕೆ ಬಂದು ಬಡಿದ ಅಲೆಗಳ ನೀರು ಹೇಗಾದರೂ ಹಿಂದೆ ಹೋಗಲೇಬೇಕು. ಅದು ಹೊಯಿಗೆಯ ದಿಬ್ಬಗಳ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿ ಒಟ್ಟಾಗಿ, ತೋಡಿನ ಹಾಗೆ ರಭಸದಿಂದ ಆಳಕ್ಕೆ ಹರಿಯುತ್ತದೆ. ಇದೇ ರಿಪ್ ಕರೆಂಟ್, ನಮ್ಮ ಮಾತಿನಲ್ಲಿ ಸೆಳೆತ. ಮೋಸ ಇರುವುದು ಇಲ್ಲೇ ನೋಡಿ: ಸೆಳೆತ ಇರುವ ಕಡೆ ಅಲೆ ಒಡೆಯುವುದು ಕಡಿಮೆ. ಎರಡೂ ಬದಿ ಬಿಳಿ ನೊರೆ, ನಡುವೆ ಶಾಂತ ನೀರು. ಮಕ್ಕಳನ್ನು ಕರೆದುಕೊಂಡು ಹೋದ ಉಮ್ಮ "ಇಲ್ಲಿ ಅಲೆ ಇಲ್ಲ, ಇಲ್ಲೇ ಆಡಿ" ಎಂದು ತೋರಿಸುವುದು ಅದೇ ಜಾಗವನ್ನು. ಕಡಲ್ಕೊರೆತ ತಡೆಯಲು ಹಾಕಿದ ಕಲ್ಲಿನ ತಡೆಗೋಡೆಗಳ ಪಕ್ಕ, ಅಳಿವೆ ಬಾಗಿಲಿನ ಹತ್ತಿರವೂ ಸೆಳೆತ ಜಾಸ್ತಿ. ಫೋಟೋಕ್ಕೆ ಎಲ್ಲರೂ ಹೋಗುವುದು ಆ ಕಲ್ಲುಗಳ ಮೇಲೆಯೇ!

ಸೆಳೆತ ಮನುಷ್ಯನನ್ನು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಒಳ್ಳೆಯ ಈಜುಗಾರನೂ ದಡದ ಕಡೆಗೇ ನೇರ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾನೆ. ಅಂಗಾತ ತೇಲಿ ಉಸಿರು ಉಳಿಸಿಕೊಳ್ಳಬೇಕು, ಕೈ ಎತ್ತಬೇಕು, ಶಕ್ತಿ ಇದ್ದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಆಮೇಲೆ ದಡಕ್ಕೆ ತಿರುಗಬೇಕು. ಬಾವಿ, ಕೆರೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ.

ಇನ್ನೊಂದು ದುರಂತ: ತಮ್ಮ ಮುಳುಗುವುದನ್ನು ಕಂಡು ಅಣ್ಣ ಹಾರುತ್ತಾನೆ. ಒಂದೇ ಮನೆಯಿಂದ ಎರಡು ಮಯ್ಯಿತ್. ಹಾರುವ ಬದಲು ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಚೆಂಡು, ಏನಾದರೂ ತೇಲುವುದನ್ನು ಎಸೆಯಿರಿ. ಹತ್ತಿರದ ಮೊಗವೀರ ಯುವಕರನ್ನು ಕೂಗಿ, 112ಕ್ಕೋ ಕರಾವಳಿ ಕಾವಲು ಪೊಲೀಸರ 1093ಕ್ಕೋ ಫೋನ್ ಮಾಡಿ. ನೀರಲ್ಲಿ ಸತ್ತವರು ಶಹೀದರ ಸಾಲಿಗೆ ಸೇರುತ್ತಾರೆ ಎಂಬ ಮಾತು ಸಂಕಟದಲ್ಲಿರುವ ಮನೆಗೆ ಸಮಾಧಾನ. ಅದು ಕೆಂಪು ಬಾವುಟ ದಾಟಲು ಪರವಾನಗಿ ಅಲ್ಲ.

ಸರ್ಕಾರದ ಪಾಲೂ ಇದೆ. 2020ರಲ್ಲಿ ಪಡುಬಿದ್ರಿ ಮತ್ತು ಕಾಸರಕೋಡು ಬೀಚ್‌ಗಳಿಗೆ ಬ್ಲೂ ಫ್ಲ್ಯಾಗ್ ಸಿಕ್ಕಿತು. ಜೀವರಕ್ಷಕರು, ರಕ್ಷಣಾ ಸಲಕರಣೆ ಇರಬೇಕೆಂಬುದು ಆ ಮಾನ್ಯತೆಯ ಷರತ್ತು. ವಿದೇಶಿ ಸರ್ಟಿಫಿಕೇಟಿಗಾಗಿ ಮಾಡಿದ್ದನ್ನು ಪ್ರತಿ ಭಾನುವಾರ ಸಾವಿರಾರು ಜನ ಸೇರುವ ಉಳಿದ ಕಿನಾರೆಗಳಲ್ಲೂ ವರ್ಷವಿಡೀ ಮಾಡಬಹುದಲ್ಲ? ಸಾವಾದ ಮೇಲೆ ಮುಚ್ಚುವುದು, ವಾರ ಕಳೆದು ತೆರೆಯುವುದು ಭದ್ರತೆ ಅಲ್ಲ.

ನಮ್ಮ ಹೆಣ್ಣುಮಕ್ಕಳ ವಿಷಯ ಬೇರೆಯೇ. ಒದ್ದೆಯಾದ ಬುರ್ಖಾ ಕಾಲಿಗೆ ಸುತ್ತಿಕೊಂಡರೆ ಮೊಣಕಾಲು ನೀರಿನಲ್ಲೂ ಎದ್ದು ನಿಲ್ಲುವುದು ಕಷ್ಟ. ಈಜಂತೂ ನೂರರಲ್ಲಿ ಒಬ್ಬಳಿಗೂ ಬರುವುದು ಅನುಮಾನ. ಮದುವೆ ಹಾಲ್‌ಗೆ ಲಕ್ಷ ಸುರಿಯುವ ನಾವು, ಮಹಿಳಾ ತರಬೇತುದಾರರನ್ನಿಟ್ಟು ವಾರಕ್ಕೆರಡು ಗಂಟೆ ಈಜುಕೊಳವನ್ನು ಹುಡುಗಿಯರಿಗೆ ಮಾತ್ರ ಬಾಡಿಗೆಗೆ ಹಿಡಿಯಲಾರೆವೇ? ಜಮಾಅತಿನ ಮುಂದಿನ ಮೀಟಿಂಗಿನಲ್ಲಿ ಯಾರಾದರೂ ಒಬ್ಬರು ಈ ಮಾತು ಎತ್ತಿ ನೋಡಿ.