ಮೂಕಪ್ರಜೆಯ ನೋವು

ಬಾಯಿಲ್ಲದವರ ದೂರನ್ನು ಕೇಳುವುದು ಆಡಳಿತದ ಮೊದಲ ಧರ್ಮವು. ಭಾಲ್ಕಿ, ಔರಾದಗಳಲ್ಲಿ ದಿನ ತುಂಬದೆ ಹುಟ್ಟಿದ ಕೂಸಿನ ಉಸಿರು ತಪ್ಪಿದರೆ ಅದನ್ನು ಬೀದರಕ್ಕೆ ಸಾಗಿಸುವುದುಂಟು. ತೀವ್ರನಿಗಾ ಘಟಕದಲ್ಲಿ ಅದರ ಜೀವವುಳಿಸಲು ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯಬೇಕಾಗುತ್ತದೆ; ನಳಿಕೆ ಇಳಿಸಬೇಕಾಗುತ್ತದೆ; ಅದೂ ದಿನಕ್ಕೆ ಹಲವು ಸಲ. ಚಿಕಿತ್ಸೆಯು ಅನಿವಾರ್ಯವೇ ಸರಿ. ಆದರೆ ಅದರೊಡನೆ ಬರುವ ನೋವೆಲ್ಲವೂ ಅನಿವಾರ್ಯವಲ್ಲ.

ಎಳೆಗೂಸಿಗೆ ನೋವು ತಿಳಿಯದೆಂಬುದು ಬರಿಯ ಹಳ್ಳಿಗರ ನಂಬಿಕೆಯಲ್ಲ. 1980ರ ದಶಕದವರೆಗೂ ಪಾಶ್ಚಾತ್ಯ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ಇಂತಹ ಶಿಶುಗಳಿಗೆ ಸಾಕಷ್ಟು ಅರಿವಳಿಕೆಯಿಲ್ಲದೆ ಶಸ್ತ್ರಕ್ರಿಯೆ ನಡೆಯುತ್ತಿದ್ದಿತು. ನಮ್ಮ ದೇಶದಲ್ಲಿಯೇ ವೈದ್ಯವಿದ್ಯೆ ಕಲಿತ ಡಾ. ಕನ್ವಲ್‌ಜೀತ್ ಸಿಂಗ್ ಆನಂದರು ಆಕ್ಸ್‌ಫರ್ಡಿನಲ್ಲಿ ನಡೆಸಿ 1987ರಲ್ಲಿ ಪ್ರಕಟಿಸಿದ ಪರೀಕ್ಷೆಯು ಈ ಭ್ರಮೆಯನ್ನು ಮುರಿಯಿತು. ಫೆಂಟನಿಲ್ ಎಂಬ ನೋವುನಿವಾರಕವನ್ನು ಪಡೆದ ಕೂಸುಗಳು ಶಸ್ತ್ರಕ್ರಿಯೆಯ ಆಘಾತವನ್ನು ಮಿಕ್ಕವುಗಳಿಗಿಂತ ಚೆನ್ನಾಗಿ ತಾಳಿಕೊಂಡವು.

ನೋವನ್ನು ಗುರುತಿಸುವುದು ಅಸಾಧ್ಯವೇನಲ್ಲ. ಗಂಟಿಕ್ಕಿದ ಹುಬ್ಬು, ಬಿಗಿದು ಮುಚ್ಚಿದ ಕಣ್ಣು, ಮೂಗಿನಿಂದ ತುಟಿಯ ಕಡೆಗೆ ಆಳವಾಗುವ ಗೆರೆ, ಏರುವ ಹೃದಯಬಡಿತ, ರಕ್ತದಲ್ಲಿ ಇಳಿಯುವ ಆಮ್ಲಜನಕ, ಇವುಗಳಿಗೆ ಅಂಕಗಳನ್ನು ಕೊಟ್ಟು ಅಳೆಯುವ ಪದ್ಧತಿಯು 1996ರಿಂದಲೂ ಇದೆ. ತೀರ ನಿಶ್ಶಕ್ತವಾದ ಕೂಸು ಅಳಲಾರದು. ಅದರ ಮೌನವನ್ನು ಸುಖವೆಂದು ಬಗೆಯಬಾರದು.

ಪರಿಹಾರವೂ ದುಬಾರಿಯದಲ್ಲ. ಸೂಜಿಗೆ ಎರಡು ನಿಮಿಷ ಮೊದಲು ನಾಲಿಗೆಗೆ ನಾಲ್ಕು ತೊಟ್ಟು ತಾಯಿಹಾಲು ಅಥವಾ ವೈದ್ಯರು ಹೇಳಿದ ಸಕ್ಕರೆಯ ದ್ರಾವಣ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತುವುದು, ತಾಯಿಯ ಎದೆಗೆ ಮೈ ತಾಗಿಸಿ ಮಲಗಿಸುವ ಕಾಂಗರೂ ಆರೈಕೆ, ಇಷ್ಟರಿಂದಲೇ ಸಣ್ಣ ಚುಚ್ಚುಗಳ ನೋವು ತಗ್ಗುವುದು. ಶಸ್ತ್ರಕ್ರಿಯೆಗಾದರೋ ಅರಿವಳಿಕೆಯೇ ಬೇಕು. ಸಕ್ಕರೆಯು ಅದಕ್ಕೆ ಬದಲಾಗದು.

ದಾದಿಯರ ಕೆಲಸದ ಹೊರೆಯನ್ನು ನಾವು ಬಲ್ಲೆವು. ಆದುದರಿಂದಲೇ ತಾಯಿಯು ಹತ್ತಿರವಿರಬೇಕೆನ್ನುತ್ತೇವೆ. ಕುಟುಂಬದವರನ್ನು ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂದು ಕೇಂದ್ರ ಸರಕಾರವೇ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕೂಸು ಬೀದರದಲ್ಲಿ, ಬಾಣಂತಿ ಔರಾದದಲ್ಲಿ ಉಳಿದರೆ ಆ ಮಾರ್ಗಸೂಚಿಯಿಂದ ಫಲವೇನು? ಬಾಣಂತಿಯ ಸ್ಥಿತಿಯು ಒಪ್ಪುವಂತಿದ್ದರೆ ಆಕೆಯನ್ನೂ ಅದೇ ವಾಹನದಲ್ಲಿ ಕರೆತಂದು, ತಂಗಲು ಸ್ಥಳವನ್ನೂ ಊಟವನ್ನೂ ಒದಗಿಸತಕ್ಕದ್ದು. ನಾಡಿ, ಉಸಿರುಗಳಂತೆ ನೋವನ್ನೂ ಪ್ರತಿ ಪಾಳಿಯಲ್ಲಿ ದಾಖಲೆಮಾಡತಕ್ಕದ್ದು. ತಾಲೂಕು ಆಸ್ಪತ್ರೆಗಳ ದಾದಿಯರಿಗೂ ಈ ಶಿಕ್ಷಣ ದೊರೆಯತಕ್ಕದ್ದು. ಜಿಲ್ಲೆಯ ಆರೋಗ್ಯಾಧಿಕಾರಿಗಳು ಈ ಮೂರು ಕಾರ್ಯಗಳನ್ನು ಕೂಡಲೇ ಕೈಕೊಳ್ಳುವರೆಂದು ನಾವು ನಿರೀಕ್ಷಿಸುತ್ತೇವೆ.